ಉಪ್ಪು ನೀರಿನ ಉಪವಾಸ

ಅಪ್ಪನಿಗೆ ಸಿಟ್ಟು ಬಂದರೆ ಊಟ ಬಿಡುತ್ತಿದ್ದ. ಕೂಗಾಡುವ ಗಂಡಸರಿರುತ್ತಾರೆ, ಕೈ ಮಾಡುವವರಿರುತ್ತಾರೆ, ಮನೆ ಬಿಟ್ಟು ಹೋಗಿ ಎರಡು ದಿನ ಕಳೆದು ಬರುವವರಿರುತ್ತಾರೆ. ಅವರ ಹೆಂಡತಿಯರಿಗೆ ಅಕ್ಕಪಕ್ಕದವರ ಕನಿಕರವಾದರೂ ಸಿಗುತ್ತದೆ. ನನ್ನ ಅಪ್ಪ ತಟ್ಟೆಯನ್ನು ಎರಡು ಬೆರಳಲ್ಲಿ ಮುಂದಕ್ಕೆ ತಳ್ಳಿ, ನನಗೆ ಊಟ ಬೇಡ ಎಂದು ಮೆತ್ತಗೆ ಹೇಳಿ, ಎದ್ದು ಹೋಗಿ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದ. ಆ ಮೆತ್ತಗಿನ ಸ್ವರದಷ್ಟು ಅಸಹ್ಯವಾದದ್ದನ್ನು ನಾನು ಆಮೇಲೆ ಕೇಳಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಗಾದೆ ಕಟ್ಟಿದವರಿಗೆ ನನ್ನ ಅಪ್ಪನ ಪರಿಚಯವಿರಲಿಲ್ಲ. ಉಣ್ಣದೆಯೇ ಮಲಗುವ ಗಂಡನೊಬ್ಬ ಇರಬಹುದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ನನ್ನ ಅಮ್ಮ ಬೆಳೆದ ಉಡುಪಿ ಪಕ್ಕದ ಮನೆಯಲ್ಲಿ ಗಂಡ ಉಣ್ಣದೆ ಹೆಂಡತಿ ಉಣ್ಣುವ ಕ್ರಮ ಇರಲಿಲ್ಲ. ಸಮುದ್ರ ದಾಟಿ ಬರುವಾಗ ಅಮ್ಮ ಕುಕ್ಕರು, ದೋಸೆಯ ಕಾವಲಿ, ಮಣೆಯ ಜೊತೆ ಆ ಕ್ರಮವನ್ನೂ ಕಟ್ಟಿಕೊಂಡು ಬಂದಿದ್ದಳು. ಅಪ್ಪ ಒಂದು ಹೊತ್ತು ಬಿಟ್ಟರೆ ಅಮ್ಮನದೂ ಒಂದು ಹೊತ್ತು ಹೋಯಿತು. ಇದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪನ ಉಪವಾಸ ನಡೆಯುತ್ತಿದ್ದದ್ದು ಅಮ್ಮನ ಹೊಟ್ಟೆಯಲ್ಲಿ.

ನಾವಾಗ ಇದ್ದದ್ದು ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ, ಬ್ರೀಡಾ ಆಂಟಿಯ ಮನೆಯ ಹಿತ್ತಲಿನ ಗ್ರ್ಯಾನಿ ಫ್ಲ್ಯಾಟ್‌ನಲ್ಲಿ. ಹೆಸರು ಮಾತ್ರ ದೊಡ್ಡದು; ಹಿಂದೆ ಅದು ಕಾರು ನಿಲ್ಲಿಸುವ ಶೆಡ್ ಆಗಿತ್ತು. ಅಡುಗೆ, ಊಟ, ಟಿವಿ, ಜಗಳ ಎಲ್ಲ ಒಂದೇ ಕೋಣೆಯಲ್ಲಿ. ಪಕ್ಕದಲ್ಲಿ ಅಪ್ಪ ಅಮ್ಮ ಮಲಗುವ ಕೋಣೆ. ಎರಡರ ನಡುವೆ ಓಣಿಯಂಥ ಜಾಗದಲ್ಲಿ ಒಂದು ಹಳೆಯ ಸೀರೆಯನ್ನು ಪರದೆ ಕಟ್ಟಿ ನನ್ನ ಮಂಚ. ನನಗಾಗ ಹನ್ನೊಂದು ವರ್ಷ, ಒಬ್ಬಳೇ ಮಗಳು. ಇವತ್ತು ಆ ಸ್ಟೇಷನ್ ರಸ್ತೆಗೆ ಹೋದರೆ ದೋಸೆ, ಬಿರಿಯಾನಿ, ಚಿನ್ನದ ಬಳೆ ಎಲ್ಲ ಸಾಲಾಗಿ ಸಿಗುತ್ತದೆ. ಆಗ ಇದ್ದದ್ದು ಒಂದೇ ಅಂಗಡಿ. ಕುಚ್ಚಲಕ್ಕಿ ಬಂದ ದಿನ ಅಂಗಡಿಯ ಗುಜರಾತಿ ಅಂಕಲ್ ಅಮ್ಮನಿಗೆಂದು ಒಂದು ಚೀಲ ತೆಗೆದಿಡುತ್ತಿದ್ದರು. ಬಂಗುಡೆ ಸಿಗದೆ ಅಮ್ಮ ಇಲ್ಲಿಯ ಮಲೆಟ್ ಮೀನಿಗೆ ಫ್ರೋಜನ್ ತೆಂಗಿನ ತುರಿ ಅರೆದು ಗಸಿ ಮಾಡುತ್ತಿದ್ದಳು. ಅಮ್ಮ ಕಾರು ಕಲಿಯುತ್ತೇನೆ ಎಂದಾಗ ಅಪ್ಪ ಮೂರು ಹೊತ್ತು ಬಿಟ್ಟ. ನಾಲ್ಕನೆಯ ಹೊತ್ತಿಗೆ ಅಮ್ಮ ಡ್ರೈವಿಂಗ್ ಪುಸ್ತಕವನ್ನು ಲೈಬ್ರರಿಗೆ ಹಿಂದಿರುಗಿಸಿ ಬಂದಳು. ಬ್ಲ್ಯಾಕ್‌ಟೌನಿನ ಗೆಳತಿಯ ಸೀಮಂತಕ್ಕೆ ಒಬ್ಬಳೇ ಟ್ರೇನಿನಲ್ಲಿ ಹೋಗುತ್ತೇನೆ ಎಂದದ್ದಕ್ಕೆ ಎರಡೇ ಹೊತ್ತು ಸಾಕಾಯಿತು. ಗೆದ್ದ ಮೇಲೆ ಅಪ್ಪ ಉಣ್ಣುವ ಚಂದ ನೋಡಬೇಕಿತ್ತು. "ಹುಳಿ ಸ್ವಲ್ಪ ಕಡಿಮೆ ಆಯ್ತು" ಎಂದು ಹೇಳಿ ಮೂರು ಸಲ ಬಡಿಸಿಕೊಳ್ಳುತ್ತಿದ್ದ. ಅದೆಲ್ಲ ಮುಗಿದ ಮೇಲೆ ಅಮ್ಮ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಕಲಸಿಕೊಂಡು ನಿಂತೇ ತಿನ್ನುತ್ತಿದ್ದಳು.

ಮುಂದಿನ ಮನೆಯ ಬ್ರೀಡಾ ಆಂಟಿ ಬೆಲ್ಫಾಸ್ಟಿನವರು. ಗಂಡ ತೀರಿಕೊಂಡ ಮೇಲೆ ಸಿಡ್ನಿಯಲ್ಲಿದ್ದ ತಂಗಿಯ ಬಳಿ ಬಂದು, ತಂಗಿಯೂ ಹೋದ ಮೇಲೆ ಆ ಮನೆಯಲ್ಲಿ ಒಬ್ಬರೇ ಉಳಿದಿದ್ದರು. ಅವರಿಗೆ ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಚರ್ಚಿನ ಪಾದ್ರಿ, ಪ್ರಧಾನಮಂತ್ರಿ, ಎದುರು ಮನೆಯವನ ನಾಯಿ, ರೇಡಿಯೋದಲ್ಲಿ ಸೋತ ಕುದುರೆ, ಎಲ್ಲರಿಗೂ ಒಂದೊಂದು ಬೈಗುಳ ತಯಾರಿತ್ತು. ಸ್ಕೂಲು ಬಿಟ್ಟ ಮೇಲೆ ನಾನು ಅವರ ಅಡುಗೆಮನೆಯ ಮೇಜಿನ ಕೆಳಗೆ ಕಾಲು ಚಾಚಿ ಕೂತು ಅದನ್ನೆಲ್ಲ ಬಾಯಿಪಾಠ ಮಾಡುತ್ತಿದ್ದೆ. ತಿರಸ್ಕಾರವನ್ನು ನಾನು ಕಲಿತದ್ದು ಅಲ್ಲಿ ಎಂದೇ ಬಹಳ ಕಾಲ ಎಲ್ಲರ ಹತ್ತಿರ ಹೇಳಿಕೊಂಡಿದ್ದೇನೆ. ಅಮ್ಮ ಮತ್ತು ಅವರು ಬಟ್ಟೆ ಒಗೆಯುವ ಕೋಣೆ ಒಂದೇ ಆದ್ದರಿಂದ ಅಲ್ಲೇ ಗೆಳೆತನ ಬೆಳೆದಿತ್ತು. ಅಮ್ಮ ನೀರುದೋಸೆ ಕೊಟ್ಟರೆ ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ ಬೆಣ್ಣೆ ಸವರಿ ತಿನ್ನುತ್ತಿದ್ದರು. ಅವರು ಕೊಡುತ್ತಿದ್ದ ಸೋಡಾ ಬ್ರೆಡ್ಡನ್ನು ಅಮ್ಮ ಸಾರಿನಲ್ಲಿ ನೆನೆಸಿ ಮೆತ್ತಗೆ ಮಾಡುತ್ತಿದ್ದಳು. ಇಬ್ಬರ ನಡುವೆ ಮಾತು ದಾಟಿಸುವ ಕೆಲಸ ನನ್ನದು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಎಂದು ಅಪ್ಪ ಕಂಡಕಂಡವರ ಹತ್ತಿರ ಹೇಳುತ್ತಿದ್ದ, ನಾನೂ ನಂಬಿದ್ದೆ. ಬ್ರೀಡಾ ಆಂಟಿಯ ಉಚ್ಚಾರವಂತೂ ಇಲ್ಲಿ ಹುಟ್ಟಿದವರಿಗೇ ತಿಳಿಯುತ್ತಿರಲಿಲ್ಲ. ಅವರ ಅಡುಗೆಮನೆಯ ಕಪಾಟಿನ ಮೇಲೆ ಒಬ್ಬ ಹುಡುಗನ ಫೋಟೋ ಇತ್ತು. ಯಾರೆಂದು ಕೇಳಿದ್ದಕ್ಕೆ ನನ್ನ ಮಗ, ಡೆಸ್ಮಂಡ್ ಎಂದರು, ಮುಂದಕ್ಕೆ ಏನೂ ಹೇಳಲಿಲ್ಲ.

ಅಮ್ಮ ಮಂಗಳೂರಿನ ಆಸ್ಪತ್ರೆಯಲ್ಲಿ ಎಂಟು ವರ್ಷ ನರ್ಸ್ ಆಗಿದ್ದವಳು. ಸಿಡ್ನಿಯಲ್ಲಿ ಬಿಸ್ಕತ್ ಫ್ಯಾಕ್ಟರಿಯ ಬೆಲ್ಟಿನ ಮುಂದೆ ನಿಂತು ಮುರಿದ ಬಿಸ್ಕತ್ ಆರಿಸುತ್ತಿದ್ದಳು. ಒಂದು ಬುಧವಾರ ಮೆಲ್ಬರ್ನಿನ ಆಸ್ಪತ್ರೆಯೊಂದರಿಂದ ಕಾಗದ ಬಂತು. ಮೂರು ತಿಂಗಳ ಟ್ರೈನಿಂಗ್ ಮುಗಿಸಿದರೆ ಇಲ್ಲಿಯೂ ನರ್ಸ್ ಆಗಬಹುದು; ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿ ಮುಂದಿನ ಶುಕ್ರವಾರದೊಳಗೆ ಮುಟ್ಟಿಸಬೇಕು. ಅದೇ ಊರಿನ ಗ್ಲೆನ್ ವೇವರ್ಲಿಯಲ್ಲಿ ಅಮ್ಮನ ದೊಡ್ಡಮ್ಮನ ಮಗಳು ಜಯಕ್ಕ ಇದ್ದಳು, ಅವಳ ಮನೆಯಲ್ಲಿ ಉಳಿದುಕೊಳ್ಳಬಹುದಿತ್ತು. ಅಮ್ಮ ಆ ಕಾಗದವನ್ನು ಅಕ್ಕಿ ಡಬ್ಬದ ಮೇಲಿಟ್ಟು ಒಂದು ಇಡೀ ದಿನ ಏನೂ ಹೇಳಲಿಲ್ಲ. ಗುರುವಾರ ಸಂಜೆ ಅಪ್ಪನಿಗೆ ಅನ್ನ ಬಡಿಸಿ, ಸಾರು ಬಿಟ್ಟು, ಆಮೇಲೆ ಹೇಳಿದಳು.

"ಮೂರೇ ತಿಂಗಳು. ಮಗು ನಿಮ್ಮ ಹತ್ರ ಇರ್ಲಿ. ನಾನು ಫ್ರೀಜರಲ್ಲಿ ಎಲ್ಲ ಮಾಡಿ ಇಟ್ಟು ಹೋಗ್ತೇನೆ."

"ಮೂರು ತಿಂಗಳು ಆಚೆ ಊರಲ್ಲಿ ಇರುದಾ? ಜನ ಎಂತ ಹೇಳಿಯಾರು?"

"ಇಲ್ಲಿ ನಮ್ಮ ಜನ ಯಾರಿದ್ದಾರೆ ಹೇಳ್ಲಿಕ್ಕೆ?"

ಅಪ್ಪ ಎರಡು ಬೆರಳನ್ನು ತಟ್ಟೆಯ ಅಂಚಿಗೆ ತಂದ.

"ನೀನು ಹೋಗುದಾದ್ರೆ ಹೋಗು. ನಾನು ಅನ್ನ ಮುಟ್ಟುದಿಲ್ಲ."

ಈ ಸಲದ ಉಪವಾಸಕ್ಕೆ ಹಿಂದಿಲ್ಲದ ಒಂದು ಗತ್ತು ಇತ್ತು. ಅಪ್ಪ ಕೆಲಸ ಮಾಡುತ್ತಿದ್ದ ಗೋಡೌನಿನಲ್ಲಿ ಟೆರಿ ಎಂಬವನಿದ್ದ. ಅವನ ತಾತನ ಕಾಲದಲ್ಲೇ ಐರ್ಲೆಂಡ್ ಬಿಟ್ಟವರು, ಅವನು ಅಲ್ಲಿ ಕಾಲಿಟ್ಟವನಲ್ಲ, ಆದರೂ ನಾಲ್ಕು ಗ್ಲಾಸು ಇಳಿದರೆ ತಾನೇ ಅಲ್ಲಿಯ ಜೈಲಿನಲ್ಲಿದ್ದವನ ಹಾಗೆ ಹಾಡುತ್ತಿದ್ದ. ಅವನು ಅಪ್ಪನಿಗೆ ಆ ಕತೆ ಹೇಳಿದ್ದ. ಬೆಲ್ಫಾಸ್ಟಿನ ಹತ್ತಿರ, ಬ್ರಿಟಿಷರ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದವರನ್ನು ಕೂಡಿಹಾಕಿದ್ದ ಒಂದು ಜೈಲು. ನಾವು ಕಳ್ಳಕಾಕರಲ್ಲ, ರಾಜಕೀಯ ಕೈದಿಗಳು, ಜೈಲಿನ ಬಟ್ಟೆ ಹಾಕುವುದಿಲ್ಲ ಎಂದು ಹುಡುಗರು ಬರೀ ಕಂಬಳಿ ಸುತ್ತಿಕೊಂಡು ವರ್ಷಗಟ್ಟಲೆ ಕೂತರು. ಅದಕ್ಕೂ ಸರ್ಕಾರ ಬಗ್ಗದಿದ್ದಾಗ ನೀರು ಮತ್ತು ಉಪ್ಪು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ಊಟ ಬಿಟ್ಟರು. ಒಬ್ಬರ ಹಿಂದೊಬ್ಬರಂತೆ ಹತ್ತು ಜನ ಸತ್ತರು. ಆ ಹತ್ತು ಜನರನ್ನು ಹಂಗಿಸುವ ಯೋಗ್ಯತೆ ನನಗಿಲ್ಲ, ಯಾರಿಗೂ ಇಲ್ಲ. ನನ್ನ ಜಗಳ ಇರುವುದು ಅವರನ್ನು ಬಾಡಿಗೆಗೆ ತಂದುಕೊಂಡವರ ಜೊತೆ. ತನ್ನ ಮುನಿಸಿಗೂ ಒಂದು ಇತಿಹಾಸ ಉಂಟೆಂದು ಅಪ್ಪನಿಗೆ ಆಗ ಗೊತ್ತಾಯಿತು. ಶುಕ್ರವಾರ ಬೆಳಿಗ್ಗೆ ಮೇಜಿನ ಮೇಲೆ ಒಂದು ಹೂಜಿ ನೀರು, ಪಕ್ಕದಲ್ಲಿ ಉಪ್ಪಿನ ಚಿಕ್ಕ ಬಟ್ಟಲು ಬಂತು. ಕೆಲಸದಿಂದ ಬಂದವನೇ ಅಪ್ಪ ಹೆಗಲಿಗೆ ಕಂಬಳಿ ಹೊದ್ದು ಕಿಟಕಿಯ ಹತ್ತಿರ ಕೂತ. ಚಳಿಗಾಲವಾದ್ದರಿಂದ ಅದಕ್ಕೊಂದು ನೆಪವೂ ಇತ್ತು. ಗುಜರಾತಿ ಅಂಕಲ್ ಕೊಟ್ಟ ಲಕ್ಷ್ಮಿಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ದಿನಕ್ಕೊಂದು ಗೀಟು ಹಾಕತೊಡಗಿದ. ಅಮ್ಮ ಹೊತ್ತುಹೊತ್ತಿಗೆ ತಟ್ಟೆ ಬಡಿಸಿ ಅವನ ಮುಂದಿಡುತ್ತಿದ್ದಳು, ಬಡಿಸಿದ್ದು ತಣ್ಣಗಾದ ಮೇಲೆ ತೆಗೆಯುತ್ತಿದ್ದಳು. ತಾನು ಎರಡು ಹೊತ್ತು ಚಹಾ ಕುಡಿದು ಬೆಳಗಿನ ಐದಕ್ಕೆ ಬಿಸ್ಕತ್ ಆರಿಸಲು ಹೋಗುತ್ತಿದ್ದಳು. ನನಗೆ ಮಾತ್ರ ಬಿಸಿಬಿಸಿ ಬಡಿಸಿ ಎದುರಲ್ಲಿ ಕೂತು ತಿನ್ನಿಸುತ್ತಿದ್ದಳು.

ಭಾನುವಾರ ಮಧ್ಯಾಹ್ನ ಟೆರಿಯ ಐರಿಶ್ ಕ್ಲಬ್ಬಿನಲ್ಲಿ ಆ ಹತ್ತು ಜನರ ನೆನಪಿನ ಕಾರ್ಯಕ್ರಮ. ಉಪವಾಸದ ದೇಶದಿಂದ ಬಂದವನು ಎರಡು ಮಾತು ಆಡಬೇಕೆಂದು ಅಪ್ಪನನ್ನು ಕರೆದಿದ್ದರು. ಅಪ್ಪ ಮದುವೆಯ ಕೋಟು ಹಾಕಿಕೊಂಡ, ನನ್ನನ್ನೂ ಕರೆದುಕೊಂಡು ಹೋದ. ಗೋಡೆಗೆ ಸಾಲಾಗಿ ಹತ್ತು ಫೋಟೋ, ಅವುಗಳ ಕೆಳಗೆ ಮೇಣದಬತ್ತಿ, ಮೇಣದಬತ್ತಿಗಳ ಕೆಳಗೆ ಉದ್ದದ ಮೇಜು. ಮೇಜಿನ ತುಂಬ ಸಾಸೇಜ್ ರೋಲು, ಮೀಟ್ ಪೈ, ಹ್ಯಾಮ್ ಸ್ಯಾಂಡ್‌ವಿಚ್ಚು, ಕ್ರೀಮು ಹಾಕಿದ ಕೇಕು. ಹಸಿದು ಸತ್ತವರ ಫೋಟೋದ ಕೆಳಗೆ ಅಷ್ಟು ತಿಂಡಿ ಹರಡಿದವರಿಗೆ ಅದರಲ್ಲಿ ಏನೂ ವಿಚಿತ್ರ ಕಂಡಿರಲಿಲ್ಲ. ದಪ್ಪ ಹೊಟ್ಟೆಯ ಗಂಡಸರು ಕಣ್ಣು ಮುಚ್ಚಿ ಹಾಡಿದರು, ಹಾಡು ಮುಗಿದಾಗ ಕಣ್ಣೊರೆಸಿಕೊಂಡು ಇನ್ನೊಂದು ಜಗ್ ತರಿಸಿದರು. ಅಪ್ಪ ಮೈಕಿನ ಮುಂದೆ ನಿಂತ.

"ಅವರ್ ಕಂಟ್ರಿ ಈಸ್ ದ ಮದರ್ ಆಫ್ ಫಾಸ್ಟಿಂಗ್" ಎಂದು ಶುರುಮಾಡಿದ. ಚಪ್ಪಾಳೆ ಬಿತ್ತು. "ಟುಡೇ ಐ ಯಾಮ್ ಆಲ್ಸೋ ಫಾಸ್ಟಿಂಗ್. ಡೇ ನಂಬರ್ ತ್ರೀ." ಈ ಸಲ ಎಲ್ಲರೂ ಎದ್ದು ನಿಂತರು. ಯಾವುದಕ್ಕಾಗಿ ಉಪವಾಸ ಎಂದು ಒಬ್ಬನೂ ಕೇಳಲಿಲ್ಲ. ಹೆಂಡತಿ ಟ್ರೈನಿಂಗಿಗೆ ಹೋಗಬಾರದೆಂಬುದಕ್ಕೆ ಎಂದು ಅಪ್ಪ ಹೇಳಿದ್ದರೂ ಅವರು ಚಪ್ಪಾಳೆ ತಟ್ಟುತ್ತಿದ್ದರೋ ಏನೋ. ಆಮೇಲೆ ಟೆರಿಯ ಹೆಂಡತಿ ನಮ್ಮ ಮನೆ ಎಲ್ಲಿ ಎಂದು ವಿಚಾರಿಸಿದಳು. ಬ್ರೀಡಾ ಆಂಟಿಯ ಹೆಸರು ಕೇಳಿದ್ದೇ ಅವಳ ಮುಖ ಹುಳಿಯಾಯಿತು.

"ಆ ಹೆಂಗಸಾ? ಸಹಿ ಹಾಕಿದವಳಲ್ವಾ ಅವಳು."

ಯಾವುದಕ್ಕೆ ಸಹಿ ಎಂದು ನನಗೆ ತಿಳಿಯಲಿಲ್ಲ. ಅಪ್ಪನೂ ಕೇಳಲಿಲ್ಲ, ಅವನ ಕಣ್ಣು ಮೇಜಿನ ಕಡೆಗಿತ್ತು. ಹಾಡು ಮತ್ತೆ ಶುರುವಾಗಿ ಎಲ್ಲರೂ ಸ್ಟೇಜಿನ ಕಡೆ ತಿರುಗಿದಾಗ ಅಪ್ಪ ಒಂದು ಕಾಗದದ ತಟ್ಟೆಯಲ್ಲಿ ಎರಡು ಪೈ, ಮೂರು ಸಾಸೇಜ್ ರೋಲು ಹಾಕಿಕೊಂಡು ಕೋಟು ನೇತುಹಾಕುವ ಮೂಲೆಗೆ ಬಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಎನ್ನುತ್ತಾರಲ್ಲ. ನನ್ನ ಅಪ್ಪ ಕಣ್ಣು ತೆರೆದುಕೊಂಡೇ ತಿಂದ. ಎರಡೇ ನಿಮಿಷದಲ್ಲಿ ತಟ್ಟೆ ಖಾಲಿ. ಇನ್ನೊಂದು ತಟ್ಟೆ ತಂದು ನನ್ನ ಕೈಗೆ ಕೊಟ್ಟ.

"ತಿನ್ನು ಮಗಾ. ಅಮ್ಮನ ಹತ್ರ ಹೇಳ್ಬೇಡ, ಆಯ್ತಾ?"

ನಾನು ತಿಂದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು: ಪೈ ಬಹಳ ರುಚಿಯಾಗಿತ್ತು. ಇನ್ನೊಂದು ಕೇಳಿ ತಿಂದೆ. ಮನೆಗೆ ಬಂದಾಗ ಅಮ್ಮ ಒಲೆಯ ಮುಂದೆ ನಿಂತಿದ್ದಳು. ಅಪ್ಪ ಕೋಟು ಕಳಚಿ, ಕಂಬಳಿ ಹೊದ್ದು, ಗ್ಲಾಸಿಗೆ ನೀರು ಬಗ್ಗಿಸಿ ಉಪ್ಪು ಕದಡಿ ಕುಡಿದ. ಅಮ್ಮ ನನ್ನನ್ನು ಹತ್ತಿರ ಕರೆದು ತಗ್ಗಿದ ಸ್ವರದಲ್ಲಿ ಕೇಳಿದಳು.

"ಅಪ್ಪ ಅಲ್ಲಿ ಎಂತಾದ್ರೂ ತಿಂದ್ರಾ?"

"ಇಲ್ಲ ಅಮ್ಮ. ಪಾಪ ಅಪ್ಪ, ಎಂತದೂ ತಿನ್ನಲಿಲ್ಲ."

ಅಮ್ಮ ಸರಿ ಎಂದು ತಲೆಯಾಡಿಸಿ ಚಹಾಕ್ಕೆ ನೀರಿಟ್ಟಳು. ನಾನು ಹೂಂ ಎಂದಿದ್ದರೆ, ಅವಳೂ ಒಂದು ತುತ್ತು ತಿನ್ನಬಹುದಿತ್ತು. ನನಗೆ ಅದು ಆಗಲೇ ಗೊತ್ತಿತ್ತು, ಹನ್ನೊಂದು ವರ್ಷಕ್ಕೆ ಗೊತ್ತಾಗದಂಥ ವಿಷಯವೇನಲ್ಲ.

ಸೋಮವಾರ ನಾನು ಸ್ಕೂಲಿನಿಂದ ಬರುವಾಗ ಅಮ್ಮ ಶಿಫ್ಟ್ ಮುಗಿಸಿ ಬಂದು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಇಲ್ಲಿಯ ಹಿತ್ತಲುಗಳಲ್ಲಿ ಕೊಡೆಯಂತೆ ತಂತಿ ಬಿಗಿದ ತಿರುಗುವ ಕಂಬವಿರುತ್ತದೆ; ಅದಕ್ಕೆ ಹಾಸಿಗೆಯ ಹೊದಿಕೆ ಎತ್ತಿ ಹಾಕಲು ಹೋದವಳು ಕಂಬವನ್ನೇ ಹಿಡಿದುಕೊಂಡಳು, ಕಂಬ ಅವಳನ್ನು ಅರ್ಧ ಸುತ್ತು ತಿರುಗಿಸಿತು, ಹಾಗೇ ಹುಲ್ಲಿನ ಮೇಲೆ ಕುಸಿದು ಕೂತಳು. ನಾನು ಕೂಗುವ ಮೊದಲೇ ಬ್ರೀಡಾ ಆಂಟಿ ಒಗೆಯುವ ಕೋಣೆಯಿಂದ ಬಂದಿದ್ದರು. ಎಪ್ಪತ್ತು ದಾಟಿದ ಹೆಂಗಸು ಅಮ್ಮನನ್ನು ಕಂಕುಳಿಗೆ ಕೈ ಕೊಟ್ಟು ಎತ್ತಿ, ನಡೆಸಿಕೊಂಡು ಹೋಗಿ, ತನ್ನ ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿದರು. ಕೆಳರೆಪ್ಪೆಯನ್ನು ಎಳೆದು ನೋಡಿದರು. ಕೈಯ ಚರ್ಮವನ್ನು ಚಿವುಟಿ ಬಿಟ್ಟು ಅದು ಹಿಂದಕ್ಕೆ ಹೋಗುವುದನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಎಷ್ಟು ದಿನ ಆಯಿತು ಇವಳು ತಿನ್ನದೆ? ಕೇಳು."

ನಾನು ಕೇಳಿದೆ.

"ಹೊಟ್ಟೆ ಸರಿ ಇಲ್ಲ ಅಂತ ಹೇಳು" ಎಂದಳು ಅಮ್ಮ.

ನಾನು ಹಾಗೆ ಹೇಳಲಿಲ್ಲ. ಗುರುವಾರದಿಂದ ಎಂದೆ. ಅಪ್ಪ ಹಂಗರ್ ಸ್ಟ್ರೈಕ್ ಮಾ‌ಡುತ್ತಿದ್ದಾನೆ, ಅಮ್ಮ ಮೆಲ್ಬರ್ನಿಗೆ ಹೋಗಬಾರದಂತೆ, ಅಪ್ಪ ಉಣ್ಣದೆ ಅಮ್ಮ ಉಣ್ಣುವ ಹಾಗಿಲ್ಲ ಎಂದೆ. ಉಪ್ಪು, ನೀರು, ಕಂಬಳಿ ಎಲ್ಲ ಹೇಳಿದೆ. ಬ್ರೀಡಾ ಆಂಟಿ ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. ಸ್ಟೋವಿನ ಮೇಲಿದ್ದ ಆಲೂಗಡ್ಡೆಯ ಪಾತ್ರೆಯನ್ನು ಇಳಿಸಿ, ನೀರು ಬಸಿದು, ಹಾಲು ಬೆಣ್ಣೆ ಈರುಳ್ಳಿ ಸೊಪ್ಪು ಹಾಕಿ ಕಿವುಚತೊಡಗಿದರು. ಕಿವುಚುತ್ತಲೇ ಮಾತಾಡಿದರು. ಅವರು ಒಂದು ಮಾತು ಹೇಳಿ ನಿಲ್ಲಿಸುವುದು, ನಾನು ಅದನ್ನು ಅಮ್ಮನಿಗೆ ಹೇಳುವುದು.

"ನನ್ನ ಮಗನೂ ಆ ಜೈಲಿನಲ್ಲಿದ್ದ. ಸತ್ತವರ ಜಾಗಕ್ಕೆ ಊಟ ಬಿಟ್ಟವರಲ್ಲಿ ಅವನೂ ಒಬ್ಬ. ದಿನಾ ಮೂರು ಹೊತ್ತು ಅವನ ಹಾಸಿಗೆಯ ಪಕ್ಕ ಬಿಸಿ ಊಟ ತಂದಿಡುತ್ತಿದ್ದರು, ಅವನು ಮುಟ್ಟಲಿಲ್ಲ. ಕೊನೆಗೆ ಕಣ್ಣು ಹೋಯಿತು. ನಾನು ಕೈ ಹಿಡಿದರೆ ಯಾರು, ನರ್ಸಾ ಅಂತ ಕೇಳಿದ. ಮಾರನೆ ದಿನ ಅದೂ ಕೇಳಲಿಲ್ಲ. ಪ್ರಜ್ಞೆ ತಪ್ಪಿದ ಮೇಲೆ ಮನೆಯವರು ಸಹಿ ಹಾಕಿದರೆ ಮಾತ್ರ ಡಾಕ್ಟರು ಆಹಾರ ಕೊಡಬಹುದು. ಸಾಯುತ್ತೇನೆ, ಸಹಿ ಹಾಕಬೇಡ ಅಂತ ಮೊದಲೇ ನನ್ನಿಂದ ಮಾತು ತಗೊಂಡಿದ್ದ. ಪೇಪರ್ ತಂದರು. ಪೆನ್ನು ಬರೆಯಲಿಲ್ಲ. ಇನ್ನೊಂದು ಕೊಡಿ ಅಂದೆ."

ಅವರು ಚಮಚವನ್ನು ಪಾತ್ರೆಯ ಅಂಚಿಗೆ ಬಡಿದರು.

"ಈಗ ಅವನಿಗೆ ಮೂರು ಮಕ್ಕಳಂತೆ. ನನ್ನ ಹತ್ತಿರ ಮಾತಾಡುವುದಿಲ್ಲ. ಮಾತಾಡದ ಮಗ, ಮಾತಾಡಲಾರದ ಮಗ, ಎರಡರಲ್ಲಿ ಒಂದು ಆರಿಸು ಅಂದರು, ಆರಿಸಿದೆ. ಆ ಕ್ಲಬ್ಬಿನವರಿಗೆ ಅವನ ಹೆಸರೂ ಬೇಡ, ಅವನು ಬದುಕಿದ್ದಾನಲ್ಲ. ಸತ್ತ ಹುಡುಗರನ್ನು ಪ್ರೀತಿಸುವುದು ಸುಲಭ. ಅವರ ಚಡ್ಡಿ ಒಗೆಯುವ ಕೆಲಸ ಇರುವುದಿಲ್ಲ."

ಅಮ್ಮ ಕಪಾಟಿನ ಮೇಲಿನ ಫೋಟೋ ನೋಡಿದಳು. ಬ್ರೀಡಾ ಆಂಟಿ ತಟ್ಟೆಗೆ ಆಲೂಗಡ್ಡೆ ಹಾಕಿ, ಮೇಲೆ ಎರಡು ಮೊಟ್ಟೆ ಇಟ್ಟು ಅಮ್ಮನ ಮುಂದೆ ತಳ್ಳಿದರು. ಅಮ್ಮ ಬೇಡವೆಂದು ಕೈ ಆಡಿಸಿದಳು. ಅವರು ಉಣ್ಣದೆ ಹೇಗೆ ಎಂದಳು. ನಾನು ಅದನ್ನು ಇಂಗ್ಲಿಷಿಗೆ ದಾಟಿಸಿದ್ದೇ ಬ್ರೀಡಾ ಆಂಟಿ ನನ್ನ ಗಲ್ಲ ಹಿಡಿದು ಮುಖ ಎತ್ತಿದರು.

"ನಿಜ ಹೇಳು ಹುಡುಗಿ. ನಿನ್ನ ಅಪ್ಪ ಏನೂ ತಿಂದಿಲ್ಲವಾ?"

ಆ ಕಣ್ಣಿನ ಮುಂದೆ ಸುಳ್ಳು ಹೇಳಲಾಗಲಿಲ್ಲ. ಅಮ್ಮನಿಗೆ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಇಂಗ್ಲಿಷಿನಲ್ಲೇ ಹೇಳಿದೆ: ನಿನ್ನೆ ಕ್ಲಬ್ಬಿನಲ್ಲಿ ತಿಂದ. ಹೊಟ್ಟೆ ತುಂಬ ತಿಂದ. ನಾನೂ ತಿಂದೆ. ಅಮ್ಮ ಕೇಳಿದಾಗ ಇಲ್ಲ ಎಂದೆ.

"ಅದನ್ನು ನಿನ್ನ ಅಮ್ಮನಿಗೆ ಹೇಳು."

ನಾನು ಅಮ್ಮನ ಕಡೆ ತಿರುಗಿದೆ. ಅವಳ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಬಾಯಿ ತೆರೆದೆ, ಬಂದದ್ದು ಬೇರೆಯೇ ಮಾತು.

"ಆಂಟಿ ಹೇಳ್ತಿದ್ದಾರೆ, ಊಟ ಮಾಡ್ಬೇಕಂತೆ ಅಮ್ಮ."

ಅಮ್ಮ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಟ್ಟೆ ಹತ್ತಿರ ಎಳೆದುಕೊಂಡಳು. ಮೊದಲು ಚಮಚದಲ್ಲಿ ತಿಂದಳು, ಆಮೇಲೆ ಚಮಚ ಬದಿಗಿಟ್ಟು ಕೈಯಲ್ಲೇ ಕಲಸಿ ತಿಂದಳು, ತಟ್ಟೆಗೆ ಅಂಟಿದ್ದನ್ನು ಬೆರಳಿನಿಂದ ಬಳಿದು ತಿಂದಳು. ಬ್ರೀಡಾ ಆಂಟಿ ಇನ್ನೊಂದು ಸಲ ಬಡಿಸಿದರು. ಬ್ರೀಡಾ ಆಂಟಿಯ ಕತೆ ಅಮ್ಮನ ಮನಸ್ಸು ತಿರುಗಿಸಿತು ಎಂದು ನಾನು ಮೂವತ್ತಕ್ಕೂ ಹೆಚ್ಚು ವರ್ಷ ಹೇಳಿಕೊಂಡು ಬಂದೆ.

ಅದೇ ಸಂಜೆ ಅಮ್ಮ ಎಂದಿನಂತೆ ಅನ್ನ ಮಾಡಿದಳು, ಅಪ್ಪನ ತಟ್ಟೆಗೆ ಬಡಿಸಿ ಕಿಟಕಿಯ ಹತ್ತಿರ ಇಟ್ಟಳು. ಆಮೇಲೆ ಇನ್ನೊಂದು ತಟ್ಟೆ ತೆಗೆದು ತನಗೆ ಬಡಿಸಿಕೊಂಡು, ನನ್ನ ಪಕ್ಕ ಕುರ್ಚಿ ಎಳೆದು ಕೂತಳು. ಅಮ್ಮ ಕೂತು ಉಣ್ಣುವುದನ್ನು ಆ ಮನೆಯಲ್ಲಿ ನಾನು ನೋಡಿದ್ದೇ ಆ ದಿನ. ಅಪ್ಪ ಕಂಬಳಿಯ ಒಳಗಿನಿಂದ ತಲೆ ಹೊರಹಾಕಿದ.

"ನೀನು ಉಣ್ತಾ ಇದ್ದೀಯಾ?"

"ಹೌದು. ಹಸಿವಾಯ್ತು."

"ನಾನಿನ್ನೂ ಊಟ ಮಾಡ್ಲಿಲ್ಲ."

"ಬಡಿಸಿ ಇಟ್ಟಿದ್ದೇನಲ್ಲ."

ಉಂಡ ಕೈ ತೊಳೆದು ಬಂದು, ಅದೇ ಮೇಜಿನ ಮೇಲೆ ಹೂಜಿಯನ್ನು ಬದಿಗೆ ಸರಿಸಿ, ಮೆಲ್ಬರ್ನಿನ ಕಾಗದಕ್ಕೆ ಸಹಿ ಹಾಕಿದಳು. ಮಗುವನ್ನೂ ಕರೆದುಕೊಂಡು ಹೋಗುತ್ತೇನೆ ಎಂದಳು. ಇವಳ ಸ್ಕೂಲು ಎಂದು ಅಪ್ಪ ಬಾಯಿ ತೆರೆದ. ಅಲ್ಲಿ ಸ್ಕೂಲಿಲ್ವಾ ಎಂದಳು, ಅಷ್ಟೇ. ಅಪ್ಪ ಎರಡು ದಿನ ಉಪ್ಪು ನೀರು ಕುಡಿದು ನೋಡಿದ. ಮನೆಯಲ್ಲಿ ಯಾರೂ ಉಣ್ಣಿ ಎಂದು ಬೇಡಿಕೊಳ್ಳಲಿಲ್ಲ, ಯಾರೂ ಕ್ಯಾಲೆಂಡರ್ ನೋಡಲಿಲ್ಲ. ಬುಧವಾರ ಸಂಜೆ ಕಂಬಳಿ ಮಡಚಿಟ್ಟು ಮೇಜಿನ ಮುಂದೆ ಕೂತು "ಉಪ್ಪಿನಕಾಯಿ ಉಂಟಾ?" ಎಂದು ಕೇಳಿದ. ನನ್ನ ಅಪ್ಪನ ಮಹಾ ಉಪವಾಸ ಮುಗಿದದ್ದು ಹೀಗೆ. ಹದಿನೈದು ದಿನಕ್ಕೆ ನಾನೂ ಅಮ್ಮನೂ ಬಸ್ಸು ಹತ್ತಿದೆವು. ಬ್ರೀಡಾ ಆಂಟಿ ಗೇಟಿನ ತನಕ ಬಂದು ಒಂದು ಸೋಡಾ ಬ್ರೆಡ್ ಕೊಟ್ಟು, ಕೈ ಬೀಸದೆ ಒಳಗೆ ಹೋದರು. ಆಮೇಲೆ ನಾಲ್ಕು ವರ್ಷಕ್ಕೆ ತೀರಿಕೊಂಡರು. ಡೆಸ್ಮಂಡ್ ಬರಲಿಲ್ಲ ಎಂದು ಪಕ್ಕದ ಮನೆಯವರು ಬರೆದಿದ್ದರು. ಮೂರು ತಿಂಗಳೆಂದು ಬಂದವರು ಗ್ಲೆನ್ ವೇವರ್ಲಿಯಲ್ಲೇ ಉಳಿದೆವು. ವರ್ಷ ಕಳೆದ ಮೇಲೆ ಅಪ್ಪನೂ ಬಂದ, ಟ್ರಾನ್ಸ್‌ಫರ್ ಸಿಕ್ಕಿತೆಂದು ಸುಳ್ಳು ಹೇಳಿಕೊಂಡು. ಸಾಯುವ ತನಕ ಅಮ್ಮನ ಶಿಫ್ಟ್ ನೋಡಿಕೊಂಡು ತಾನೇ ಬಿಸಿ ಮಾಡಿಕೊಂಡು ಉಂಡ, ಒಂದು ಹೊತ್ತೂ ಬಿಡಲಿಲ್ಲ.

ಕಳೆದ ತಿಂಗಳು ನಾನು ಕೆಲಸ ಮಾಡುವ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್ ಆಫೀಸಿನಲ್ಲಿ ಹೊಸದಾಗಿ ಸೇರಿದ ಐರಿಶ್ ಹುಡುಗನೊಬ್ಬ ಆ ಹತ್ತು ಮುಖಗಳಿರುವ ಟೀಶರ್ಟ್ ಹಾಕಿಕೊಂಡು ಬಂದಿದ್ದ. ಆ ಹುಡುಗರು ಸತ್ತಾಗ ಅವನ ಅಮ್ಮನೇ ಹುಟ್ಟಿದ್ದಳೋ ಇಲ್ಲವೋ. ಬದುಕಿ ಉಳಿದವರ ಹೆಸರು ಗೊತ್ತಾ ಎಂದು ಕೇಳಿದೆ. ಬದುಕಿದವರೂ ಇದ್ದರಾ ಎಂದ, ಬಾಯಲ್ಲಿ ಬರ್ಗರ್ ಇತ್ತು. ಸಂಜೆ ಅಮ್ಮನ ಮನೆಗೆ ಹೋದಾಗ ಅದನ್ನು ಅಭಿನಯಿಸಿ ತೋರಿಸಿದೆ. ಅಮ್ಮನಿಗೀಗ ಎಪ್ಪತ್ತೈದು, ಮೇಜಿನ ಮೇಲೆ ಬಸಳೆ ಹರಡಿಕೊಂಡು ಎಲೆ ಬಿಡಿಸುತ್ತಿದ್ದಳು. ಆ ಹುಡುಗನಿಂದ ಟೆರಿಗೆ ಹೋದೆ, ಟೆರಿಯಿಂದ ಅಪ್ಪನ ಭಾಷಣಕ್ಕೆ, ಅಲ್ಲಿಂದ ಕಂಬಳಿಗೆ. ಹೆಗಲಿಗೆ ಟವೆಲ್ ಹೊದ್ದು ಕಿಟಕಿಯ ಕಡೆ ಕೂತು ಅಪ್ಪನ ಮೆತ್ತಗಿನ ಸ್ವರ ತೆಗೆದೆ. ಅಮ್ಮ ನಗಲಿಲ್ಲ. ಬ್ರೀಡಾ ಆಂಟಿ ಇಲ್ಲದಿದ್ದರೆ ನೀನು ಇನ್ನೂ ಬಿಸ್ಕತ್ ಆರಿಸುತ್ತಿದ್ದೆ ಎಂದೆ.

"ಬ್ರೀಡಾ ಒಳ್ಳೆ ಹೆಂಗಸು. ಆದ್ರೆ ನಾನು ತಿಂದದ್ದು ಅವಳು ಹೇಳಿದ್ದಕ್ಕಲ್ಲ."

"ಮತ್ತೆ?"

"ನೀನು ಅವಳ ಹತ್ರ ಹೇಳಿದ್ದು ನನಗೆ ಅರ್ಥ ಆಗಿತ್ತು. ಎಂಟು ವರ್ಷ ಡಾಕ್ಟರುಗಳ ಜೊತೆ ಕೆಲಸ ಮಾಡಿದವಳಿಗೆ ಅಷ್ಟು ಇಂಗ್ಲಿಷ್ ಬರುದಿಲ್ವಾ ಮಗಾ?"

ನನ್ನ ಹೆಗಲ ಮೇಲೆ ಟವೆಲ್ ಹಾಗೇ ಇತ್ತು. ಅಮ್ಮ ಒಂದು ಎಲೆಯನ್ನು ತಿರುವಿ ಹುಳ ಇದೆಯೋ ಎಂದು ನೋಡಿದಳು.

"ಅವರು ಹೊರಗೆ ತಿಂದು ಬರುದು ನನಗೆ ಹೊಸತಲ್ಲ, ಅಂಗಿ ಒಗೆಯುವವಳು ನಾನಲ್ವಾ. ಆದ್ರೆ ನೀನು ತಿಂದು ಬಂದು, ನನ್ನ ಮುಖ ನೋಡಿ, ಪಾಪ ಅಪ್ಪ ಅಂದಿದ್ದಿ. ಮಾರನೆ ದಿನ ಬ್ರೀಡಾ ಹೇಳು ಅಂದ್ರೂ ಹೇಳ್ಲಿಲ್ಲ. ಅವತ್ತೇ ಅಂದುಕೊಂಡೆ, ಇವಳನ್ನು ಇಲ್ಲಿ ಬಿಟ್ಟು ಹೋದ್ರೆ ಇವಳೂ ಅವರ ಹಾಗೇ ಆಗ್ತಾಳೆ. ಕರ್ಕೊಂಡು ಹೋಗ್ಲಿಕ್ಕೆ ಮೈಯಲ್ಲಿ ಶಕ್ತಿ ಬೇಕಲ್ಲ, ಅದಕ್ಕೆ ತಿಂದೆ."

ನಾನು ಟವೆಲ್ ತೆಗೆದು ಮಡಚಿಟ್ಟೆ. ಹಾಗಾದರೆ ಕರೆದುಕೊಂಡು ಬಂದದ್ದು ಸಾರ್ಥಕವಾಯಿತಾ ಎಂದು ಕೇಳಿದೆ. ತಮಾಷೆಗೆ ಕೇಳಿದ ಹಾಗೆ ಕೇಳಲು ನೋಡಿದೆ.

ಅಮ್ಮ ಬಸಳೆಯ ದಂಟುಗಳನ್ನು ಒಂದು ಕಡೆ ಗುಡ್ಡೆ ಮಾಡಿ ನನ್ನನ್ನು ನೋಡಿದಳು.

"ಅವರನ್ನು ಬೈಯುವಾಗ ನಿನ್ನ ಮುಖ ಥೇಟ್ ಅವರದ್ದೇ" ಎಂದಳು.